ಮಲ್ಲಯ್ಯನ ಹೆಸರಿನಲ್ಲಿ ಬೋಳಿಸಿದ ತಲೆ

ಪೆಟ್ಟು ಬಿದ್ದ ತಲೆಗೆ ಯಾರಾದರೂ ಬಿಸಿ ಗಂಟು ಒತ್ತುವುದನ್ನು ಕಂಡರೆ ನಾನು ಈಗಲೂ ಸುಮ್ಮನಿರುವವಳಲ್ಲ. ಗುರುತಿನವರಿರಲಿ ಇಲ್ಲದಿರಲಿ, ಹೋಗಿ ಕೈ ಹಿಡಿದು ನಿಲ್ಲಿಸುತ್ತೇನೆ. ಈ ಮುದುಕಿಗೆ ಯಾಕಿಷ್ಟು ಸಿಟ್ಟು ಎಂದು ಜನ ನೋಡುತ್ತಾರೆ. ನೋಡಲಿ. ಆದೋನಿಯ ಒಂದು ಮನೆಯಲ್ಲಿ ನನ್ನ ಅಕ್ಕನ ತಲೆಗೆ ಹತ್ತಿಕಾಳು ಹುರಿದು ಶಾಖ ಕೊಡುತ್ತಿದ್ದಾಗ ಹಾಗೆ ಕೈ ಹಿಡಿದು ನಿಲ್ಲಿಸುವಷ್ಟು ಅಧಿಕಾರ ನನಗೆ ಆ ಮನೆಯಲ್ಲಿ ಇರಲಿಲ್ಲ. ಅವತ್ತಿನ ಸಿಟ್ಟನ್ನು ಈಗ ಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಎಂದೇ ಬೇಕಾದರೆ ಇಟ್ಟುಕೊಳ್ಳಿ.

ಐವತ್ತರ ದಶಕದ ನಡುವಿನ ಮಾತು ಇದು. ಆಂಧ್ರ ರಾಜ್ಯ ಬೇರೆಯಾಗಿತ್ತು, ಬಳ್ಳಾರಿ ಮೈಸೂರಿಗೆ ಸೇರಿತ್ತು, ನಾವು ಇತ್ತ ಆಂಧ್ರದಲ್ಲೇ ಉಳಿದಿದ್ದೆವು. ನಮ್ಮ ಹಳ್ಳಿ ಹಾಲಹರವಿಯ ಹತ್ತಿರ. ಅಪ್ಪ ಆಗಲೇ ತೀರಿಕೊಂಡಿದ್ದರಿಂದ ಹೊಲ, ದನ, ಆಳುಕಾಳು ಎಲ್ಲವನ್ನೂ ಅವ್ವನೇ ನೋಡಿಕೊಳ್ಳುತ್ತಿದ್ದಳು. ಅಕ್ಕನನ್ನು ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುವ ನಮ್ಮವರದೇ ಒಂದು ಮನೆಗೆ ಕೊಟ್ಟಿದ್ದಳು. ನಾನು ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ಇನ್ನೊಬ್ಬ ಟೀಚರಮ್ಮನ ಜೊತೆ ಒಂದು ಕೋಣೆ ಹಿಡಿದುಕೊಂಡು, ಹಗಲೆಲ್ಲ ತೆಲುಗಿನಲ್ಲಿ ಪಾಠ ಹೇಳಿ, ಸಂಜೆ ಅಕ್ಕನ ಮನೆಗೆ ಹೋಗಿ ಕನ್ನಡದಲ್ಲಿ ಬೈಸಿಕೊಳ್ಳುತ್ತಿದ್ದೆ. ಬೈಯುವವರು ಅಕ್ಕನ ಅತ್ತೆ. ಮದುವೆಯ ವಯಸ್ಸಿನ ಹುಡುಗಿ ಸಾಲಿಗೆ ಹೋಗಿ ಪಗಾರ ತರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ನನ್ನನ್ನು ಕರೆಯುವುದೇ ‘ಸಾಲಿ ಕಲಿತಾಕಿ’ ಎಂದು.

ಆ ಮನೆಯ ಹಿತ್ತಲಲ್ಲಿ ಆಳವಾದ ಒಂದು ಬಾವಿ. ಅದರ ಮೇಲಿನ ಅಡ್ಡಮರಕ್ಕೆ ಹಗ್ಗ ಓಡುವ ಕಬ್ಬಿಣದ ದೊಡ್ಡ ಗಡಗಡಿ ಕಟ್ಟಿತ್ತು. ಮರ ಗೆದ್ದಲು ಹಿಡಿದು ಒಳಗೆ ಪುಡಿಯಾಗಿತ್ತು. ಕೊಡ ಎಳೆಯುವಾಗ ಗಡಗಡಿ ಅಲುಗಾಡುತ್ತದೆ, ಮರ ಬದಲಾಯಿಸಿ ಎಂದು ಅಕ್ಕ ಎಷ್ಟೋ ಸಲ ಹೇಳಿದ್ದಳು. ಹೇಳಿದ್ದು ಯಾರಿಗೆ? ನಮ್ಮ ಭಾವನಿಗೆ. ಆತ ಕೆಟ್ಟವನಲ್ಲ. ಒಂದು ಚಿಟಿಕೆ ಹತ್ತಿಯನ್ನು ಎರಡು ಬೆರಳಲ್ಲಿ ಹಿಡಿದೆಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಯಾವ ಊರಿನ ಹೊಲದ್ದು ಎಂದು ಹೇಳಬಲ್ಲ ಮನುಷ್ಯ. ಆದರೆ ಮನೆಯೊಳಗಿನ ಯಾವ ಮಾತಿಗೂ ಆತನ ಉತ್ತರ ಒಂದೇ, ಅವ್ವನ್ನ ಕೇಳು. ಅತ್ತೆಯನ್ನು ಕೇಳಿದರೆ, ಸುಗ್ಗಿಯ ಗದ್ದಲ ಮುಗಿಯಲಿ ನೋಡೋಣ. ಸುಗ್ಗಿ ಮುಗಿದು ಬೇಸಿಗೆ ಬಂದರೂ ಮರ ಹಾಗೇ ಇತ್ತು.

ಶಾಲೆಗೆ ರಜೆ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಅಡ್ಡಮರ ಮುರಿಯಿತು. ಗಡಗಡಿ ನೇರವಾಗಿ ಅಕ್ಕನ ತಲೆಯ ಎಡಭಾಗಕ್ಕೆ ಬಡಿದು ಬಾವಿಯೊಳಗೆ ಹೋಯಿತು. ಅಕ್ಕ ಕಟ್ಟೆಯ ಮೇಲೆ ಬಿದ್ದಳು, ಸ್ವಲ್ಪ ಹೊತ್ತಿನಲ್ಲಿ ತಾನೇ ಎದ್ದು ಕೂತಳಂತೆ. ಸೀರೆ ಸರಿಮಾಡಿಕೊಂಡು ಕೊಡ ಎಲ್ಲಿ ಎಂದು ಕೇಳಿದಳಂತೆ. ಮಾತಾಡಿದಳಲ್ಲ, ಇನ್ನೇನೂ ಭಯವಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಸಂಜೆ ನಾನು ಹೋದಾಗ ಅವಳು ನಡುಮನೆಯಲ್ಲಿ ಮಲಗಿದ್ದಳು. ಪೆಟ್ಟಾದ ಕಡೆ ಅರಿಶಿನ ಸುಣ್ಣ ಕಲಸಿ ದಪ್ಪಗೆ ಮೆತ್ತಿದ್ದರು. ಅದು ರಕ್ತದ ಜೊತೆ ಕೂದಲಿಗೆ ಅಂಟಿ ಒಣಗಿ ಹೆಂಟೆಯಾಗಿತ್ತು. ಅದರ ಮೇಲೆ ಅತ್ತೆ ಹುರಿದ ಹತ್ತಿಕಾಳಿನ ಗಂಟನ್ನು ಒತ್ತಿ ಒತ್ತಿ ತೆಗೆಯುತ್ತಿದ್ದರು.

ನಮ್ಮ ಕಡೆ ಊತ ಎಂದರೆ ಶಾಖ. ಕಾಲು ಉಳುಕಿದರೆ ಹತ್ತಿಕಾಳು, ಬೆನ್ನು ಹಿಡಿದರೆ ಹತ್ತಿಕಾಳು, ಬಾಣಂತಿಗೆ ಹತ್ತಿಕಾಳು. ಎಣ್ಣೆಯಂಶ ಇರುವುದರಿಂದ ಕಾವು ಬಹಳ ಹೊತ್ತು ನಿಲ್ಲುತ್ತದೆ. ಉಳುಕಿದ ಕಾಲಿಗೆ ಅದು ಹಿತವಾಗಿಯೇ ಇರುತ್ತದೆ, ನಾನೂ ಹಾಕಿಸಿಕೊಂಡಿದ್ದೇನೆ. ಆದರೆ ತಲೆಯೂ ಕಾಲೂ ಒಂದೇ ಎಂದು ಅವರಿಗೆ ಯಾರು ಹೇಳಿದ್ದರೋ. ನಾನು ಆಸ್ಪತ್ರೆಗೆ ತೋರಿಸೋಣ ಎಂದೆ. ಎದ್ದು ಕೂತು ಮಾತಾಡಿದವಳನ್ನು ಆಸ್ಪತ್ರೆಗೆ ಒಯ್ದರೆ ಊರವರು ನಗುತ್ತಾರೆ ಎಂದರು ಅತ್ತೆ. ಭಾವನ ಮುಖ ನೋಡಿದೆ. ಆತ ತಾಯಿಯ ಮುಖ ನೋಡಿದ.

ಮರುದಿನ ಅಕ್ಕ ಎರಡು ಮೂರು ಸಲ ವಾಂತಿ ಮಾಡಿಕೊಂಡಳು. ಪಿತ್ತ ಎಂದರು. ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ದಣಿವು, ಮಲಗಲಿ ಎಂದರು. ಬಿಸಿಲೇರುವಷ್ಟರಲ್ಲಿ ಸಂಬಂಧವಿಲ್ಲದ ಮಾತು ಶುರುವಾಯಿತು. ನನ್ನನ್ನು ನೋಡಿ ಎಮ್ಮೆಗೆ ನೀರು ಕುಡಿಸಿದೆಯಾ ಎಂದು ಕೇಳಿದಳು. ಆ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ, ಎಮ್ಮೆ ಇದ್ದದ್ದು ನಮ್ಮ ಹಳ್ಳಿಯಲ್ಲಿ. ಆಗ ಅತ್ತೆ ಸನ್ನಿ ಎಂದು ಹೇಳಿಬಿಟ್ಟರು. ತಲೆಗೆ ಥಂಡಿ ಹೊಕ್ಕರೆ ಸನ್ನಿಯಾಗುತ್ತದೆ, ಸನ್ನಿಗೆ ಕಾವು ಬೇಕು. ಕಿಟಕಿ ಮುಚ್ಚಿದರು. ಕಂಬಳಿಯ ತುಂಡು ತಂದು ತಲೆಗೆ ಸುತ್ತಿದರು. ಆದೋನಿಯ ಬೇಸಿಗೆ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಲ್ಲಿನ ಗೋಡೆಯ ಮಾಳಿಗೆ ಮನೆ, ಹಗಲು ಹೊತ್ತಿನಲ್ಲಿ ಗೋಡೆ ಮುಟ್ಟಿದರೆ ಕೈ ಸುಡುವ ದಿನಗಳು. ಆ ಮುಚ್ಚಿದ ನಡುಮನೆಯಲ್ಲಿ, ಕಂಬಳಿ ಸುತ್ತಿದ ತಲೆಗೆ, ಮತ್ತೆ ಹತ್ತಿಕಾಳಿನ ಶಾಖ.

ನಾನು ಕಂಬಳಿ ಬಿಚ್ಚಲು ಹೋದೆ. ಅತ್ತೆ ನನ್ನ ಕೈ ತಳ್ಳಿದರು. ಸಾಲಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳು, ಇಲ್ಲಿ ಬೇಡ ಎಂದರು. ಅಲ್ಲೇ ನಿಂತು ಜಗಳ ಮಾಡಿದರೆ ನನ್ನನ್ನು ಹೊರಗೆ ಹಾಕುತ್ತಾರೆ, ಆಮೇಲೆ ಅಕ್ಕನ ಹತ್ತಿರ ನಮ್ಮವರು ಒಬ್ಬರೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಲಹರವಿ ಕಡೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಿಂದಿನ ಸಂಜೆಯೇ ಅವ್ವನಿಗೆ ಹೇಳಿ ಕಳಿಸಿದ್ದೆ. ಆ ಒಂದು ಕೆಲಸ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಮಾಡಿದ್ದೆ.

ಅವ್ವ ಮಧ್ಯಾಹ್ನದ ಬಸ್ಸಿಗೆ ಬಂದಳು. ಕಾಲು ತೊಳೆಯದೆ ಒಳಗೆ ಬಂದು ಅಕ್ಕನ ಮುಖ ನೋಡಿದಳು, ರೆಪ್ಪೆ ಎತ್ತಿ ನೋಡಿದಳು, ಹೆಸರು ಹಿಡಿದು ಕೂಗಿದಳು. ಅಕ್ಕ ಹ್ಞೂಂ ಅನ್ನಲಿಲ್ಲ. ಅವ್ವ ಯಾರನ್ನೂ ಬೈಯಲಿಲ್ಲ. ಜಟಕಾ ತರಿಸು ಎಂದು ಭಾವನಿಗೆ ಹೇಳಿದಳು. ಆತ ತಾಯಿಯ ಕಡೆ ತಿರುಗುವಷ್ಟರಲ್ಲಿ ಅವ್ವ ತಾನೇ ಹೊರಗೆ ಹೋಗಿ ಜಟಕಾದವನನ್ನು ಬಾಗಿಲಿಗೆ ತಂದು ನಿಲ್ಲಿಸಿದಳು. ಬೀಗಿತ್ತಿ ಬೀದಿಯಲ್ಲಿ ನಿಂತು ಜಟಕಾ ಕೂಗಿದ್ದು ಆ ಮನೆಗೆ ದೊಡ್ಡ ಅವಮಾನವಾಯಿತಂತೆ. ಆಮೇಲೆ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡು ಓಡಾಡಿದರು. ಸೊಸೆ ಮಾತು ನಿಲ್ಲಿಸಿದ್ದು ಅವಮಾನವಾಗಲಿಲ್ಲ.

ಆಸ್ಪತ್ರೆಯ ಡಾಕ್ಟರು ತೆಲುಗಿನವರು. ಮದರಾಸಿನಲ್ಲಿ ಓದಿ ಬಂದವರು, ನಡುವಯಸ್ಸು, ಗಡುಸು ದನಿ. ಕಂಬಳಿ ಬಿಚ್ಚಿಸಿ ತಲೆಯ ಮೇಲಿನ ಅರಿಶಿನ ಸುಣ್ಣದ ಹೆಂಟೆ ನೋಡಿ ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಬೆರಳಿನಿಂದ ಸುತ್ತ ಒತ್ತಿ ನೋಡಿದರು. ಟಾರ್ಚಿನ ಬೆಳಕನ್ನು ಎರಡೂ ಕಣ್ಣಿಗೆ ಹಿಡಿದರು. ಬಲಗೈ ಎತ್ತಿ ಬಿಟ್ಟರು, ಅದು ಹಾಗೇ ಬಿತ್ತು. ಆಮೇಲೆ ನಮ್ಮನ್ನೂ ಹಿಂದೆಯೇ ಬಂದಿದ್ದ ಅತ್ತೆ, ಭಾವನನ್ನೂ ಹೊರಗಿನ ಜಗಲಿಗೆ ಕರೆದು ನಿಧಾನವಾಗಿ ಹೇಳಿದರು. ಕೈ ಊದಿಕೊಂಡರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಮಿದುಳು ಊದಿಕೊಳ್ಳುತ್ತಿದೆ, ಅದಕ್ಕೆ ಹೋಗಲು ಎಲ್ಲೂ ಜಾಗವಿಲ್ಲ. ನಿಮ್ಮೂರಿನ ಪ್ರೆಸ್ಸಿನಲ್ಲಿ ಹತ್ತಿಯನ್ನು ಅದುಮಿ ಬೇಲು ಕಟ್ಟುವುದನ್ನು ನೋಡಿದ್ದೀರಲ್ಲ, ಈಗ ಅವಳ ಮಿದುಳು ಹಾಗೆ ಅದುಮಿಸಿಕೊಳ್ಳುತ್ತಿದೆ ಎಂದರು. ಮೇಲಾಗಿ ಗಾಯದ ಕೆಳಗೆ ಎಲುಬು ಒಳಕ್ಕೆ ಕುಸಿದಂತೆ ಕೈಗೆ ತಾಗುತ್ತದೆ. ಕೂದಲನ್ನು ಪೂರ್ತಿ ತೆಗೆದು, ಗಾಯ ತೊಳೆದು, ಎಲುಬಿನ ಚೂರು ಒಳಗೆ ಒತ್ತುತ್ತಿದ್ದರೆ ಅದನ್ನು ಎತ್ತಬೇಕು. ಆಮೇಲೆ ಬರ್ಫದ ಚೀಲ ಇಟ್ಟು ತಲೆಯನ್ನು ತಣ್ಣಗಿಡಬೇಕು. ಶಾಖ ಕೊಟ್ಟವರು ಯಾರು ಎಂದು ಕೇಳಿದರು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ನಾನು ಅವರನ್ನು ಊತ ಇಳಿಸುವ ಮದ್ದು ಇಲ್ಲವೇ ಎಂದು ಕೇಳಿದೆ. ಮದರಾಸಿನಲ್ಲಿ ಹೊಸದೊಂದು ಸೂಜಿಮದ್ದು ಬಂದಿದೆ, ಕೀಲು ಊದಿಕೊಂಡವರಿಗೆ ಕೊಡುತ್ತಾರೆ, ಮಂಚ ಹಿಡಿದವರೂ ಎದ್ದು ನಡೆಯುತ್ತಾರಂತೆ ಎಂದರು. ತಲೆಯ ಪೆಟ್ಟಿಗೆ ಆಗುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ, ಇಲ್ಲಂತೂ ಅದು ಸಿಗುವುದಿಲ್ಲ. ತನ್ನ ಹತ್ತಿರ ಇರುವುದು ಕತ್ತಿ, ಬರ್ಫ ಮತ್ತು ಪೆನ್ಸಿಲಿನ್ ಎಂದರು.

ಈ ಮದ್ದಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಸೂಜಿಮದ್ದು ಸಿಗಲಿಲ್ಲವಲ್ಲ, ದೊಡ್ಡ ಊರಲ್ಲಿ ಹುಟ್ಟಿದ್ದರೆ ಸಿಗುತ್ತಿತ್ತಲ್ಲ ಎಂದು ನಾನು ಅರ್ಧ ಆಯುಷ್ಯ ಕುದ್ದಿದ್ದೇನೆ. ಸರ್ಕಾರವನ್ನು ಬೈದಿದ್ದೇನೆ, ಮದರಾಸನ್ನು ಬೈದಿದ್ದೇನೆ. ಮುಂದೆ ನಮ್ಮ ಬಂಧುಗಳಲ್ಲೇ ಒಬ್ಬ ಹುಡುಗಿ ಡಾಕ್ಟರಾದಳು. ಅವಳು ಹೇಳಿದ ಮೇಲೆ ತಿಳಿಯಿತು, ಆ ಜಾತಿಯ ಮದ್ದನ್ನು ತಲೆಗೆ ಪೆಟ್ಟಾದವರಿಗೆ ದೇಶದೇಶಗಳಲ್ಲಿ ಎಷ್ಟೋ ವರ್ಷ ನಂಬಿಕೆಯಿಂದ ಕೊಟ್ಟರಂತೆ, ಕೊನೆಗೆ ಲೆಕ್ಕ ಹಾಕಿ ನೋಡಿದರೆ ಅದರಿಂದ ಉಳಿದವರಿಗಿಂತ ಪ್ರಾಣ ಕಳೆದುಕೊಂಡವರೇ ಹೆಚ್ಚಂತೆ. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಇನ್ನೂ ಸಿಟ್ಟು ಬಂತು. ಇಲ್ಲದ ಮದ್ದಿನ ಮೇಲೆ ಹಾಕಿ ಕೂತಿದ್ದ ತಪ್ಪೆಲ್ಲ ಮತ್ತೆ ಮನುಷ್ಯರ ಮೇಲೆಯೇ ಬಂತು. ಅಕ್ಕನಿಗೆ ಅವತ್ತು ಬೇಕಾಗಿದ್ದದ್ದು ಮದರಾಸಿನ ಮದ್ದಲ್ಲ. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಒಯ್ಯುವ ಒಬ್ಬ ಗಂಡ ಬೇಕಾಗಿತ್ತು.

ಈಗ ಆಸ್ಪತ್ರೆಯ ಜಗಲಿಗೆ ಬರುತ್ತೇನೆ. ಕೂದಲು ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದ ಅತ್ತೆಗೆ ದನಿ ಬಂತು. ಆಗುವುದಿಲ್ಲ ಎಂದರು. ಮುತ್ತೈದೆಯ ತಲೆ ಬೋಳಿಸುವುದೆಂದರೆ ಗಂಡನ ಆಯುಷ್ಯಕ್ಕೆ ಕೈ ಹಾಕಿದ ಹಾಗೆ. ನನ್ನ ಮಗ ಗಟ್ಟಿಮುಟ್ಟಾಗಿ ಎದುರಿಗೆ ನಿಂತಿದ್ದಾನೆ, ಅವನ ಹೆಂಡತಿಯ ತಲೆಗೆ ಕತ್ತಿ ಮುಟ್ಟಿಸಲು ಬಿಡುವುದಿಲ್ಲ. ಬೇಕಾದರೆ ಕೂದಲಿದ್ದ ಹಾಗೇ ಮದ್ದು ಹಾಕಲಿ.

ನನ್ನ ಮೈಯೆಲ್ಲ ಉರಿಯಿತು. ಯಾಕೆಂದರೆ ಅದು ನಮ್ಮ ಪದ್ಧತಿಯೇ ಅಲ್ಲ. ನಮ್ಮವರಲ್ಲಿ ಗಂಡ ಸತ್ತವಳ ತಲೆ ಬೋಳಿಸಿದ್ದನ್ನು ನಾನು ಕಂಡಿಲ್ಲ, ನನ್ನ ಅಜ್ಜಿಯೂ ಕಂಡಿರಲಿಲ್ಲ. ಗಂಡ ಸತ್ತ ಮೇಲೆ ಉಡಿಕೆಯಾಗಿ ಇನ್ನೊಂದು ಮನೆ ಸೇರಿ ಮಕ್ಕಳು ಮರಿ ಕಂಡವರು ನಮ್ಮ ಬಳಗದಲ್ಲೇ ಇದ್ದರು. ತಲೆ ಬೋಳಿಸುವುದು ಬೇರೆ ಓಣಿಯವರ ಪದ್ಧತಿ. ಅತ್ತೆಯ ಮನೆಯವರು ಪೇಟೆಗೆ ಬಂದು, ನಾಲ್ಕು ದುಡ್ಡು ಕಂಡು, ಆ ಓಣಿಯವರ ಹಾಗೆ ದೊಡ್ಡವರು ಅನ್ನಿಸಿಕೊಳ್ಳುವ ಆಸೆಯಲ್ಲಿ ಅವರ ಭಯವನ್ನೂ ಎತ್ತಿಕೊಂಡು ಬಂದಿದ್ದರು. ಮಂದಿಯ ಮನೆಯಿಂದ ತಂದ ಆ ಭಯಕ್ಕೆ ನನ್ನ ಅಕ್ಕನ ಪ್ರಾಣ ಕೊಡಬೇಕಾಗಿತ್ತು. ಇದನ್ನೆಲ್ಲ ನಾನು ಜಗಲಿಯಲ್ಲೇ ಹೇಳಿದೆ, ದನಿ ಏರಿಸಿಯೇ ಹೇಳಿದೆ. ಅತ್ತೆ ಅಳಲು ಶುರುಮಾಡಿದರು. ಅವರು ಅತ್ತದ್ದರಿಂದ ನಾನು ಗಯ್ಯಾಳಿಯಾದೆ.

ಡಾಕ್ಟರು ಭಾವನ ಕಡೆ ತಿರುಗಿ ಅವಳು ನಿನ್ನ ಹೆಂಡತಿ, ನೀನು ಹ್ಞೂಂ ಅನ್ನು ಸಾಕು ಎಂದರು. ಆತ ಬೆವರು ಒರೆಸಿಕೊಂಡ. ಹತ್ತಿಯ ಎಳೆ ಎಳೆದು ನೋಡುವ ಆ ಎರಡು ಬೆರಳನ್ನು ಒಂದಕ್ಕೊಂದು ಉಜ್ಜುತ್ತಾ ನಿಂತ. ಮಠದ ಅಯ್ನೋರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದ. ಸುಳ್ಳಲ್ಲ, ಒಳಗೆ ಹೆಂಡತಿಯ ಉಸಿರು ಗೊರಗೊರ ಅನ್ನುತ್ತಿದ್ದಾಗ ಆತ ಮೆಟ್ಟು ಮೆಟ್ಟಿಕೊಂಡು ಹೊರಟೇಬಿಟ್ಟಿದ್ದ.

ಆಗ ಅವ್ವ ಮಾತಾಡಿದಳು. ಆ ಇಡೀ ಹೊತ್ತು ಅವಳು ಗೋಡೆಗೆ ಒರಗಿ ಕೂತು ಅತ್ತೆಯನ್ನೇ ನೋಡುತ್ತಿದ್ದಳು. ಎದ್ದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾರ, ಈಕಿ ಮುಡಿ ನಿಮ್ಮದೂ ಅಲ್ಲ, ನಂದೂ ಅಲ್ಲ. ಶ್ರೀಶೈಲದ ಮಲ್ಲಯ್ಯಂದು. ಸಣ್ಣಾಕಿ ಇದ್ದಾಗ ಜ್ವರ ಬಂದು ಕೈ ಬಿಟ್ಟು ಹೋಗೋ ಹಂಗ ಆಗಿದ್ಲು, ಆವಾಗ ಹರಕಿ ಹೊತ್ತೀನಿ. ಇನ್ನಾ ತೀರ್ಸಿಲ್ಲ. ಆತನ ಮುಡಿ ಆತಗ ಕೊಡಲಾರದ ಇಟ್ಕಂಡೀವಿ, ಅದಕ್ಕ ತಲಿಗೇ ಬಂದೈತಿ.”

ಅತ್ತೆಯ ಅಳು ನಿಂತಿತು. ನಮ್ಮ ಕಡೆಯವರಿಗೆ ಮಲ್ಲಯ್ಯ ಎಂದರೆ ಹೇಗೆ ಎಂದು ಹೇಳಬೇಕು. ಯುಗಾದಿಗೆ ಬಿಸಿಲಲ್ಲಿ ಕಾಡು ದಾಟಿ ಶ್ರೀಶೈಲಕ್ಕೆ ನಡೆದು ಹೋಗುವ ಜನ ನಾವು. ಅಲ್ಲಿ ಗಂಡಸರು ಮುಡಿ ಕೊಡುತ್ತಾರೆ. ತೆಲುಗರ ಒಡನಾಟದಿಂದ ನಮ್ಮ ಹೆಂಗಸರೂ ಕೊಡುವುದುಂಟು, ಮುತ್ತೈದೆಯರೂ ಕೊಡುತ್ತಾರೆ. ಆಗ ಗಂಡನ ಆಯುಷ್ಯಕ್ಕೆ ಏನೂ ಆಗುವುದಿಲ್ಲ, ಹೆಚ್ಚಾಗುತ್ತದಂತೆ. ಅದೇ ತಲೆ, ಅದೇ ಕತ್ತಿ, ಅದೇ ಕೂದಲು. ದೇವರಿಗಾದರೆ ಪುಣ್ಯ, ಡಾಕ್ಟರಿಗಾದರೆ ಅಪಶಕುನ. ಅತ್ತೆ ಕಣ್ಣೊರೆಸಿಕೊಂಡು, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಅವ್ವನಿಗೇ ತಿರುಗಿ ಗದರಿದರು. ಅಷ್ಟಕ್ಕೂ ಬಿಡಲಿಲ್ಲ. ಹರಕೆಯ ಮುಡಿಯಾದರೆ ರಾಹುಕಾಲ ಕಳೆಯಬೇಕು, ವಿಭೂತಿ ತರಬೇಕು, ಕಾಯಿ ಒಡೆಯಬೇಕು ಎಂದು ಶುರುಮಾಡಿದರು. ಅವ್ವ ಹ್ಞೂಂ ಹ್ಞೂಂ ಎನ್ನುತ್ತಲೇ ಒಳಗೆ ಹೋಗಿ, ನರ್ಸಮ್ಮನ ತಟ್ಟೆಯಲ್ಲಿದ್ದ ಕತ್ತರಿ ಎತ್ತಿಕೊಂಡು ಅಕ್ಕನ ಜಡೆಯನ್ನು ಬುಡದಲ್ಲೇ ಕತ್ತರಿಸಿ ತನ್ನ ಉಡಿಗೆ ಹಾಕಿಕೊಂಡಳು. ಮೊದಲ ಮುಡಿ ತೆಗೆದಾಯಿತು, ಇನ್ನು ತಡೆದರೆ ದೋಷ ಎಂದಳು. ಡಾಕ್ಟರು ಬಾಗಿಲು ಹಾಕಿಕೊಂಡರು.

ಅವ್ವ ಅಂಥ ಹರಕೆಯನ್ನು ಹೊತ್ತಿರಲಿಲ್ಲ. ಹೊತ್ತಿದ್ದರೆ ನನಗೆ ಗೊತ್ತಿರುತ್ತಿತ್ತು. ಅವಳ ಹರಕೆಗಳ ಪಟ್ಟಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಜಗಲಿಯಲ್ಲಿ ಕೂತಾಗ ನಾನು ಅವಳನ್ನು ಕೇಳಿಯೂ ಕೇಳಿದೆ, ದೇವರನ್ನು ಯಾಕೆ ಎಳೆದು ತಂದೆ, ನಮ್ಮ ಮಗಳ ಜೀವ ಉಳಿಯಬೇಕು ಎಂದರೆ ಸಾಲದಾಗಿತ್ತೇ ಎಂದು. ನನಗೆ ಅವ್ವನ ಮೇಲೂ ಸಿಟ್ಟಿತ್ತು. ಅವಳು ಸೋತಂತೆ ನನಗೆ ಕಂಡಿತ್ತು.

“ಸಾಲಂಗಿಲ್ಲವ್ವ,” ಎಂದಳು ಅವ್ವ. “ಮಗಳ ಜೀವ ಅಂದ್ರ ಸಂಜಿತನಕ ಮಾತಾಡ್ತಿದ್ರು. ಮಲ್ಲಯ್ಯ ಅಂದ್ರ ಮಾತು ಮುಗೀತು. ನಾ ಮಲ್ಲಯ್ಯಗ ತಪ್ಪುಗಾಣಿಕಿ ಕಟ್ಟೀನಿ, ನೀ ಸುಮ್ಕಿರು.”

ಭಾವ ಅಯ್ನೋರನ್ನು ಕೇಳಿಕೊಂಡು ಹಿಂತಿರುಗಿದಾಗ ಅಕ್ಕನ ತಲೆಗೆ ಬಿಳಿ ಪಟ್ಟಿ ಸುತ್ತಿ ಆಗಿತ್ತು. ಗಾಯದಡಿ ಎಲುಬು ಒಡೆದು ಒಂದು ಚೂರು ಒಳಕ್ಕೆ ಒತ್ತಿಕೊಂಡಿತ್ತಂತೆ, ಡಾಕ್ಟರು ಅದನ್ನು ಎತ್ತಿ ತೆಗೆದಿದ್ದರು. ಬದುಕುತ್ತಾಳಾ ಎಂದು ಅವ್ವ ಕೇಳಿದಳು. ಊತ ಇಳಿಯಬೇಕು, ಇಳಿದ ಮೇಲೆ ಹೇಳುತ್ತೇನೆ ಎಂದರು. ನಿನ್ನೆ ಬೆಳಿಗ್ಗೆಯೇ ಕರೆತಂದಿದ್ದರೆ ಇವತ್ತೇ ಹೇಳುತ್ತಿದ್ದೆ ಎಂದೂ ಸೇರಿಸಿದರು. ಆ ಮಾತನ್ನು ಅವರು ಭಾವನ ಮುಖ ನೋಡಿಕೊಂಡೇ ಹೇಳಿದರು.

ಊತ ಇಳಿಸುವುದೆಂದರೆ ಆಗ ಕಾಯುವ ಕೆಲಸ. ತಲೆದೆಸೆಯ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಗುಂತಕಲ್ಲಿನಿಂದ ರೈಲಿನಲ್ಲಿ ಬರುವ ಬರ್ಫದ ಗಡ್ಡೆಯನ್ನು ಸೋಡಾ ಅಂಗಡಿಯಿಂದ ತಂದು, ಹೊಟ್ಟು ತೊಳೆದು, ಗೋಣಿಯಲ್ಲಿ ಸುತ್ತಿ ಕುಟ್ಟಿ, ರಬ್ಬರಿನ ಚೀಲಕ್ಕೆ ತುಂಬುವುದು ನನ್ನ ಕೆಲಸವಾಯಿತು. ಆ ಬಿಸಿಲಿಗೆ ಚೀಲ ತುಂಬುವುದರೊಳಗೆ ಅರ್ಧ ನೀರಾಗುತ್ತಿತ್ತು. ಕುಡಿಯಲು ನೀರು ಬಹಳ ಕೊಡಬೇಡಿ, ನೀರು ಹೆಚ್ಚಾದರೆ ಊತವೂ ಹೆಚ್ಚುತ್ತದೆ ಎಂಬುದು ಆಗಿನ ಡಾಕ್ಟರುಗಳ ಲೆಕ್ಕ. ಅಕ್ಕನ ತುಟಿ ಒಡೆದಿತ್ತು. ಅವ್ವ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾ ಕೂತಿರುತ್ತಿದ್ದಳು. ಅತ್ತೆ ಬಂದವರು ಬರ್ಫ ನೋಡಿ ಹೌಹಾರಿದರು, ಸನ್ನಿಯಾದವಳಿಗೆ ಬರ್ಫ ಇಟ್ಟು ಕೊಲ್ಲುತ್ತಿದ್ದಾರೆ ಎಂದರು. ನರ್ಸಮ್ಮ ಅವರನ್ನು ಒಳಗೆ ಬಿಡಬೇಡಿ ಎಂದು ಬಾಗಿಲ ಆಳಿಗೆ ಹೇಳಿದಳು. ಆ ನರ್ಸಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತ್ತು ನನಗೆ.

ಕೆಲವು ದಿನಗಳ ಮೇಲೆ ಅಕ್ಕ ಕಣ್ಣು ಬಿಟ್ಟಳು. ಅವ್ವನನ್ನು ಗುರುತು ಹಿಡಿದಳು, ನನ್ನ ಕೈ ಒತ್ತಿದಳು. ಆದರೆ ಬಲಗೈ ಪೂರ್ತಿ ಸ್ವಾಧೀನಕ್ಕೆ ಬರಲಿಲ್ಲ, ಮಾತು ತಡವಾಗುತ್ತಿತ್ತು. ಹೇಳಬೇಕಾದ್ದು ಕಣ್ಣಲ್ಲಿ ಕಾಣುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಒಂದು ಗಳಿಗೆಯಾಗುತ್ತಿತ್ತು. ಬುದ್ಧಿಗೆ ಏನೂ ಆಗಿಲ್ಲ, ಮಾತಿನ ದಾರಿ ಕೆಟ್ಟಿದೆ, ಅವಳ ಮಾತನ್ನು ನೀವು ಮುಗಿಸಬೇಡಿ, ಕಾಯಿರಿ ಎಂದು ಡಾಕ್ಟರು ಮನೆಗೆ ಕಳಿಸುವಾಗ ಎಲ್ಲರಿಗೂ ಹೇಳಿದರು.

ಕಾಯುವ ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಕ್ಕ ಬಾಯಿ ತೆರೆದರೆ ಅತ್ತೆ ನೀರೇನು, ಅನ್ನವೇನು, ಮಲಗುತ್ತೀಯೇನು ಎಂದು ಒಂದರ ಮೇಲೊಂದು ಕೇಳುವರು. ಅಕ್ಕ ಸುಮ್ಮನಾಗುವಳು. ಸುಮ್ಮನಾದದ್ದಕ್ಕೆ ಬುದ್ಧಿ ಮಂಕಾಗಿದೆ ಎಂದು ಹೆಸರು ಬಂತು. ನೋಡಲು ಬಂದವರ ಮುಂದೆ, ಅಕ್ಕ ಅಲ್ಲೇ ಕೂತಿರುವಾಗಲೇ, ಪಾಪ ಆಕಿಗೆ ಏನೂ ತಿಳಿಯುವುದಿಲ್ಲ ಎನ್ನುವರು. ಮಲ್ಲಯ್ಯ ದೊಡ್ಡವನು, ಹರಕೆ ತೀರಿಸಿದ್ದಕ್ಕೆ ಜೀವ ಉಳಿಸಿದ ಎಂದು ಕಥೆ ಹೇಳುವರು. ಆ ಕಥೆಯಲ್ಲಿ ಡಾಕ್ಟರು ಇರಲಿಲ್ಲ, ಹತ್ತಿಕಾಳಿನ ಶಾಖವೂ ಇರಲಿಲ್ಲ, ಗೆದ್ದಲು ತಿಂದ ಅಡ್ಡಮರವಂತೂ ಇರಲೇ ಇಲ್ಲ. ಭಾವ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದ. ನಾನು ದಿನಾ ಸಂಜೆ ಹೋಗಿ ಅಕ್ಕನ ಎದುರು ಬಾಯಿ ಕಟ್ಟಿಕೊಂಡು ಕೂರುತ್ತಿದ್ದೆ. ಬಾಯಿ ಕಟ್ಟಿಕೊಳ್ಳುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ಗೊತ್ತಿದ್ದ ಅಕ್ಕ ಒಮ್ಮೊಮ್ಮೆ ನಗುತ್ತಿದ್ದಳು. ಮೊದಮೊದಲು ಒಂದೊಂದೇ ಮಾತು, ಆಮೇಲೆ ಎರಡೆರಡು ಸೇರಿಸಿ ಆಡತೊಡಗಿದಳು. ಅದನ್ನು ಆ ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಮಳೆಗಾಲದ ಕೊನೆಗೆ ಆ ಮನೆಯ ಮಗಳಿಗೆ, ಅಂದರೆ ಅಕ್ಕನ ನಾದಿನಿಗೆ, ಕುಬುಸ ಇಟ್ಟುಕೊಂಡರು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರೆಲ್ಲ ಸೇರಿ ಉಡಿ ತುಂಬುವ ದಿನ. ನಡುಮನೆ ತುಂಬ ಹೆಂಗಸರು. ಅಕ್ಕನ ತಲೆಯಲ್ಲಿ ಕೂದಲು ಇನ್ನೂ ನಾಲ್ಕು ಬೆರಳಿನಷ್ಟೂ ಬೆಳೆದಿರಲಿಲ್ಲ, ಎಡಗಡೆ ಗಾಯದ ಗೆರೆ ಕಾಣುತ್ತಿತ್ತು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, ಹೊತ್ತು ಮುಗಿಯುವ ತನಕ ನಿಮ್ಮಕ್ಕನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡಿರು ಎಂದರು. ಬಸುರಿಯ ಎದುರಿಗೆ ಆ ತಲೆ ಬೇಡ, ನೋಡಿದವರು ಏನಂದುಕೊಳ್ಳುತ್ತಾರೆ. ಮಲ್ಲಯ್ಯನಿಗೆ ಕೊಟ್ಟ ಮುಡಿಯಲ್ಲವೇ ಎಂದು ನಾನು ಕೇಳಿದೆ. ಅದು ಬೇರೆ, ಇದು ಬೇರೆ ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವಳು ನಮ್ಮಿಬ್ಬರನ್ನೂ ದಾಟಿ ನಡುಮನೆಗೆ ಹೋದಳು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ತಲೆಯ ಮೇಲಿನ ಸೆರಗು ಜಾರಿತು, ಅದನ್ನು ಎತ್ತಿಕೊಳ್ಳಲಿಲ್ಲ. ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆ ಓಡಿ ಬಂದು ತೋಳು ಹಿಡಿದು, ಒಳಗೆ ನಡಿ, ಮಂದಿ ಮುಂದೆ ಹೀಗೆ ಬರಬಾರದು ಎಂದರು. ಅಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ನೀರು ಬೇಕಂತೆ ಎಂದು ಅತ್ತೆ ಬಂದವರಿಗೆ ಹೇಳತೊಡಗಿದರು. ಆಕೆ ಮಾತಾಡಲಿ, ನೀವು ಸುಮ್ಮನಿರಿ ಎಂದು ನಾನು ಗಟ್ಟಿಯಾಗಿ ಹೇಳಿದೆ. ಎಲ್ಲರೂ ಕಾದರು. ಆ ಮನೆಯಲ್ಲಿ ಅಕ್ಕನ ಮಾತಿಗಾಗಿ ಎಲ್ಲರೂ ಕಾದದ್ದು ಅದೇ ಮೊದಲು.

“ನಿಮ್ಮ ಮಗ... ಅದಾನ,” ಎಂದಳು ಅಕ್ಕ. “ನಾನೂ... ಅದೀನಿ. ಮತ್ತ ಯಾರು... ಸತ್ತಾರಂತ... ನಾ ಒಳಗ ಕುಂದರ್ಲಿ?”

ಅತ್ತೆಯ ಕೈ ತಾನಾಗಿ ಸಡಿಲಾಯಿತು. ಹೊರಗಿನ ಪಡಸಾಲೆಯಲ್ಲಿ ಗಂಡಸರ ಜೊತೆ ಕೂತಿದ್ದ ಭಾವ ಬಾಗಿಲ ತನಕ ಬಂದು ನಿಂತವನು ಒಳಗೆ ಕಾಲಿಡಲಿಲ್ಲ. ಈ ಸಲ ಆತ ತಾಯಿಯ ಮುಖವನ್ನೂ ನೋಡಲಿಲ್ಲ, ನೆಲ ನೋಡುತ್ತಿದ್ದ. ಅಕ್ಕ ಯಾರ ಉತ್ತರಕ್ಕೂ ಕಾಯದೆ ಮಣೆಯ ಮೇಲಿದ್ದ ನಾದಿನಿಯ ಎದುರಿಗೆ ಕೂತಳು. ಆ ಹುಡುಗಿ ಒಂದು ಸಲ ತಾಯಿಯನ್ನು ನೋಡಿ, ಆಮೇಲೆ ಅಕ್ಕನ ಮುಂದೆ ಸೆರಗು ಹರಡಿ ಉಡಿ ಒಡ್ಡಿದಳು. ಅಕ್ಕ ಬಲಗೈಗೆ ಎಡಗೈಯ ಆಸರೆ ಕೊಟ್ಟು ತಟ್ಟೆಯಿಂದ ಒಂದು ಹಿಡಿ ಅಕ್ಕಿ ತೆಗೆದು ಹಾಕಿದಳು. ಬೆರಳು ಬಿಗಿಯದೆ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಅತ್ತೆ ಬಗ್ಗಿ ಅದನ್ನು ಬಳಿಯತೊಡಗಿದರು. ಅಕ್ಕ ಇನ್ನೊಂದು ಹಿಡಿ ತೆಗೆದುಕೊಂಡಳು.